ಎಡದಿಂದ ಬಲಕ್ಕೆ ಎಂಟು ಜನ

"ಆ ಸೈಕಲ್ ಎಲ್ರೀ ಹೋಯ್ತು?"

ಮದ್ದೂರಿನ ಆ ಪುಟ್ಟ ಸ್ಟುಡಿಯೋದ ಬಾಗಿಲಲ್ಲಿ ನಿಂತು ದೀಪಿಕ ಅಶೋಕನಿಗೆ ಆಡಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಏನಿಲ್ಲ. ಮಳವಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು, ಆ ಸಿಟ್ಟೂ ಈ ಸಿಟ್ಟಿಗೆ ಸೇರಿಕೊಂಡಿತ್ತು.

ಅಶೋಕ್ ಒಬ್ಬ ಯಜಮಾನರನ್ನು ಸ್ಟೂಲಿನ ಮೇಲೆ ಕೂರಿಸಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಿದ್ದ. ಕ್ಯಾಮೆರಾದಿಂದ ಕಣ್ಣು ಎತ್ತದೆಯೇ, "ಸೈಕಲ್ ಕಳೆದೋಗಿದ್ರೆ ಪೊಲೀಸ್ ಸ್ಟೇಷನ್ನು ಆ ಕಡೆ ಮೇಡಂ. ಇದು ಫೋಟೋ ಅಂಗ್ಡಿ" ಎಂದ.

ಯಜಮಾನರು ನಕ್ಕುಬಿಟ್ಟರು. ಫೋಟೋ ಕೆಟ್ಟಿತು.

ದೀಪಿಕ ಕೈಚೀಲದಿಂದ ಎರಡು ಫೋಟೋ ತೆಗೆದು ಮೇಜಿನ ಮೇಲೆ ಬಡಿದಳು. ಎರಡರಲ್ಲೂ ಮದ್ದೂರಿನ ಒಂದು ಹಳೇ ಛತ್ರ. ಒಂದು ಹಳದಿಗಟ್ಟಿ ಗೆದ್ದಲು ತಿಂದದ್ದು. ಇನ್ನೊಂದು ಅದನ್ನೇ ಅಶೋಕ್ ಕಂಪ್ಯೂಟರಿನಲ್ಲಿ ಸರಿಮಾಡಿ, ಅವಳ ಸಹೋದ್ಯೋಗಿ ಚಂದನಳ ಕೈಲಿ ಕಳಿಸಿದ್ದು. ಹಳೆಯದರಲ್ಲಿ ಬಾಗಿಲಿಗೆ ಒರಗಿಸಿದ ಸೈಕಲ್ ಇತ್ತು. ಹೊಸದರಲ್ಲಿ ಇರಲಿಲ್ಲ.

"ಕ್ಲೀನ್ ಮಾಡಿ ಅಂದ್ರಿ, ಮಾಡ್ದೆ."

"ಧೂಳು ತೆಗೀರಿ ಅಂದೆ. ಸೈಕಲ್ ತೆಗೀರಿ ಅಂದ್ನಾ?"

"ಅಡ್ಡ ಇತ್ತು ಮೇಡಂ. ಬಾಗ್ಲೇ ಕಾಣ್ತಿರಲಿಲ್ಲ. ಆ ಬಾಗ್ಲು ನಾನೇ ಬರ್ದಿದ್ದು." ಅಶೋಕ್ ಹೆಮ್ಮೆಯಿಂದ ಬೆರಳಿಟ್ಟು ತೋರಿಸಿದ. "ನೋಡಿ, ಚಿಲಕಾನೂ ಹಾಕಿವ್ನಿ. ಚೆನ್ನಾಗಿಲ್ವಾ?"

ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. "ಫೋಟೋದಲ್ಲಿ ಇರೋದನ್ನ ಇಲ್ಲ ಅನ್ನಿಸೋಕೆ ನಮಗೆ ಅಧಿಕಾರ ಇಲ್ಲ ಕಣ್ರೀ. ಆ ಸೈಕಲ್ ಯಾರದೋ ಏನೋ! ಅವತ್ತು ಅವರು ಒಳಗೆ ಊಟಕ್ಕೆ ಕೂತಿದ್ರೇನೋ!"

ಅಶೋಕ್ ಆಗ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. ಬೆವರಿಗೆ ಹಣೆಗೆ ಅಂಟಿದ ಕೂದಲು, ಕೋಪಕ್ಕೆ ಅರಳಿದ ಮೂಗು. ಅವನ ತುಟಿಯ ಮೂಲೆಯಲ್ಲಿ ಏನೋ ಸುಳಿಯಿತು. ಅದನ್ನು ದೀಪಿಕ ನೋಡಿದಳು, ನೋಡದವಳಂತೆ ಫೋಟೋ ಎತ್ತಿಕೊಂಡು ಹೊರಟುಬಿಟ್ಟಳು.

ಮೂರನೇ ದಿನ ಮೊಬೈಲಿಗೆ ಫೋಟೋ ಬಂತು. ಛತ್ರ ಇತ್ತು, ಬಾಗಿಲಿಗೆ ಸೈಕಲ್ ಇತ್ತು. ಕೆಳಗೆ ಒಂದು ಸಾಲು: "ಸೈಕಲ್ ಸಿಕ್ಕಿದೆ. ಕಳ್ಳನನ್ನು ಕ್ಷಮಿಸುವುದು." ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಹಲ್ಲುಬಿಡುತ್ತಿದ್ದವಳನ್ನು ಕಂಡು ಚಂದನ, "ಏನೇ ಅದು?" ಎಂದಳು. "ಏನಿಲ್ಲ, ಸೈಕಲ್ಲು" ಎಂದಳು ದೀಪಿಕ.

* * *

ದೀಪಿಕ ಮಳವಳ್ಳಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ಅತಿಥಿ ಉಪನ್ಯಾಸಕಿ. ವಯಸ್ಸು ಇಪ್ಪತ್ತೊಂಬತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಹಳೇ ಮನೆ, ಛತ್ರ, ಶಾಲೆ, ಬಂಗಲೆಗಳ ಫೋಟೋಗಳನ್ನು ಜನರ ಟ್ರಂಕುಗಳಿಂದ ಹೊರಗೆ ತೆಗೆಸಿ, ಕಾಲೇಜಿನಲ್ಲಿ ಒಂದು ಪ್ರದರ್ಶನ ಇಡಬೇಕೆನ್ನುವುದು ಅವಳ ಹುಚ್ಚು. ಆ ಹುಚ್ಚಿಗೆ ಒಂದು ಕಟ್ಟುನಿಟ್ಟೂ ಇತ್ತು. ಫೋಟೋದಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಹೆಸರು ಎಡದಿಂದ ಬಲಕ್ಕೆ ಬರೆಯಬೇಕು. ಒಂದು ಹೆಸರನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಿದರೆ ಮಾತ್ರ ಅದು ಪಕ್ಕಾ.

"ಮನೆ ಯಾರದು ಅಂತ ಊರಿಗೆಲ್ಲ ಗೊತ್ತಿರುತ್ತೆ. ಜನರ ಹೆಸರೇ ಮೊದಲು ಮರೆತುಹೋಗೋದು" ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದಳು. ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ ಬಿಡಿ.

ಇನ್ನೊಂದು ಕೆಲಸವೂ ಇತ್ತು. ಹಳೇ ಫೋಟೋ ಕೈಯಲ್ಲಿ ಹಿಡಿದು ಆ ಕಟ್ಟಡದ ಮುಂದೆ ಹೋಗಿ, ಅಂದು ಫೋಟೋ ತೆಗೆದವನು ನಿಂತಿದ್ದ ಜಾಗವನ್ನೇ ಹುಡುಕಿ, ಅಲ್ಲೇ ನಿಂತು ಇವತ್ತಿನ ಫೋಟೋ ತೆಗೆಯುವುದು. ಅದಕ್ಕೆ ಅಶೋಕ್ ಜೊತೆಯಾದ. ಭಾನುವಾರಗಳಂದು ಅವನ ಬೈಕು, ಅವಳ ನೋಟ್‌ಬುಕ್ಕು. ಹಿಂದೆ ಕೂತವಳು ಮೊದಲು ಸೀಟಿನ ಹಿಂದಿನ ಕಂಬಿ ಹಿಡಿಯುತ್ತಿದ್ದಳು. ಆಮೇಲೆ ಅವನ ಭುಜ ಹಿಡಿದಳು. ಯಾವ ಭಾನುವಾರದಿಂದ ಎಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

ಮಂಡ್ಯದ ಹತ್ತಿರದ ವಿ.ಸಿ. ಫಾರಂನ ಒಂದು ಹಳೇ ಬಂಗಲೆಯ ಫೋಟೋ ಮಾತ್ರ ಇಬ್ಬರನ್ನೂ ಕುಣಿಸಿತು. ಸೂರಿನ ತುದಿ ಸರಿಹೋದರೆ ಮರ ತಪ್ಪುತ್ತಿತ್ತು, ಮರ ಸರಿಹೋದರೆ ಮೆಟ್ಟಿಲು ಕಾಣುತ್ತಿರಲಿಲ್ಲ. ಹಿಂದೆ ಹಿಂದೆ ಸರಿದು ಕೊನೆಗೆ ಭತ್ತದ ಗದ್ದೆಯ ಬದುವಿನ ಮೇಲೆ ಆ ಜಾಗ ಸಿಕ್ಕಿತು. ಒಬ್ಬರೇ ನಿಲ್ಲಬಹುದಾದ ಬದು. ಅವಳು ಫೋಟೋ ಎತ್ತಿ ಹಿಡಿಯಬೇಕು, ಅವನು ಅವಳ ಬೆನ್ನಿಗೇ ನಿಂತು ಕ್ಯಾಮೆರಾ ಹಿಡಿಯಬೇಕು.

"ವಸಿ ಎಡಕ್ಕೆ. ಕೈ ಮೇಲೆ. ಇನ್ನೂ ಮೇಲೆ. ಉಸ್ರು ಬಿಡಬೇಡಿ, ಫೋಟೋ ಅಲ್ಲಾಡ್ತದೆ."

"ನಿಮ್ಮ ಉಸಿರೇ ರೀ ನನ್ನ ಕಿವಿಗೆ ಬೀಳ್ತಿರೋದು!"

ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ, "ಫೋಟೋ ತೆಗೀತಾವ್ರೋ, ಮದ್ವೆ ಪೋಜು ಕೊಡ್ತಾವ್ರೋ, ನೋಡ್ರಮ್ಮಿ!" ಎಂದಳು. ಗದ್ದೆಗೆ ಗದ್ದೆಯೇ ನಕ್ಕಿತು.

ಕ್ಯಾಮೆರಾ ಕ್ಲಿಕ್ ಎಂದು ಎಷ್ಟೋ ಹೊತ್ತಾಗಿತ್ತು. ಇಬ್ಬರೂ ಇಳಿಯಲಿಲ್ಲ.

"ನಿಮ್ಮನ್ನ ಮದ್ವೆ ಆಗೋ ಆಸೆ ಅದೆ ಮೇಡಂ," ಎಂದ ಅಶೋಕ್ ಅವಳ ಬೆನ್ನಿಗೆ. "ಬೇಡ ಅಂದ್ರೆ ಈಗ್ಲೇ ಹೇಳ್ಬುಡಿ, ಇಲ್ಲೇ ಗದ್ದೆಗೆ ಬೀಳ್ತೀನಿ."

"ಬೀಳ್ಬೇಡಿ. ಕೈಯಲ್ಲಿ ಕ್ಯಾಮೆರಾ ಇದೆ."

"ಅಂದ್ರೆ?"

"ಅಂದ್ರೆ... ಮೊದಲು ಆ ಮೇಡಂ ಅನ್ನೋದು ಬಿಡು."

ಅವನು ಕೇರಿಯವನೆಂದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು, ಸ್ಟುಡಿಯೋದ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅವಳು ಕಿರುಗಾವಲು ಕಡೆಯ ಗೌಡರ ಮನೆಯವಳೆಂದು ಅವನಿಗೂ ಗೊತ್ತಿತ್ತು. ದೀಪಿಕಳ ದೊಡ್ಡಪ್ಪನ ಮಗಳು ಕವಿತ ಹೀಗೇ ಬೇರೆ ಜಾತಿಯವನನ್ನು ಮದುವೆಯಾಗಿ ಐದು ವರ್ಷವಾಗಿತ್ತು. ಅಂದಿನಿಂದ ಮನೆಯಲ್ಲಿ ಅವಳ ಹೆಸರೆತ್ತುವಂತಿಲ್ಲ. ಯಾರೂ ಬಯ್ಯಲಿಲ್ಲ, ಹೊಡೆಯಲಿಲ್ಲ. ಕವಿತಕ್ಕ ಎನ್ನುವವಳು ಹುಟ್ಟೇ ಇರಲಿಲ್ಲವೇನೋ ಎಂಬಂತೆ ಊಟ, ಕೆಲಸ, ಹಬ್ಬ ಎಲ್ಲ ನಡೆದುಕೊಂಡು ಹೋಯಿತು. ದೀಪಿಕಳಿಗೆ ಹೆದರಿಕೆಯಿದ್ದದ್ದು ಅದಕ್ಕೇ.

* * *

ಪ್ರದರ್ಶನಕ್ಕೆ ಒಂದೂವರೆ ತಿಂಗಳಿರುವಾಗ ದೀಪಿಕ ತನ್ನ ಮನೆಯದೇ ಒಂದು ಫೋಟೋ ತಂದುಕೊಟ್ಟಳು. ಅರವತ್ತೊಂದು ವರ್ಷದ ಹಿಂದೆ, ಅವಳ ತೊಟ್ಟಿಮನೆಗೆ ಮಹಡಿ ಕಟ್ಟಿಸಿದಾಗ ತೆಗೆಸಿದ್ದು. ಜಗಲಿಯ ಮೇಲೆ ಸಾಲಾಗಿ ಏಳು ಜನ. ಬಲತುದಿಯಲ್ಲಿ, ಜಗಲಿಯ ಕೆಳಗೆ, ಹೊಸ ಗೋಡೆಯ ಮೂಲೆಗೆ ಒಬ್ಬಳು ಹುಡುಗಿ. ಮೊಣಕೈವರೆಗೂ ಬೆಳ್ಳಗೆ ಸುಣ್ಣ.

ಅಶೋಕ್ ಕಂಪ್ಯೂಟರಿನಲ್ಲಿ ಆ ಮೂಲೆಯನ್ನು ದೊಡ್ಡದು ಮಾಡಿ ನೋಡಿದ. ಇನ್ನೂ ದೊಡ್ಡದು ಮಾಡಿದ. ಕುರ್ಚಿಯಿಂದ ಎದ್ದು ನಿಂತ.

"ಏನಾಯ್ತು?"

"ನಿಮ್ಮೂರು ಕಿರುಗಾವಲಿಂದ ಒಳಕ್ಕೆ ಮೂರು ಮೈಲಿ ಅಲ್ವಾ? ಮನೆ ಮುಂದೆ ಸೇದೋ ಬಾವಿ ಇತ್ತಾ?"

"ಇತ್ತು. ಈಗ ಮುಚ್ಚಿದ್ದಾರೆ. ನಿಂಗೆ ಹೇಗೆ ಗೊತ್ತು?"

"ನಮ್ಮಜ್ಜಿ ಹೇಳ್ತಿದ್ಲು, ಬಾ," ಎಂದು ಅವನು ಸ್ಟುಡಿಯೋ ಬಾಗಿಲು ಹಾಕಿ ಬೈಕು ತೆಗೆದ. ಕೊತ್ತತ್ತಿ ದಾಟಿ, ನಾಲೆಯ ಏರಿಯ ಮೇಲೆ ಸ್ವಲ್ಪ ದೂರ ಹೋದರೆ ಅವನ ಊರು. ಮನೆಯ ಮುಂದೆ ಅವನ ಅಜ್ಜಿ ಬೆಳ್ಳಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಎಪ್ಪತ್ತೊಂಬತ್ತು ವರ್ಷ. ಮೊಮ್ಮಗನನ್ನು ಕಂಡು ಎದ್ದವಳು ಅಂಗೈ ಮಡಚಿ ಸೊಂಟಕ್ಕಿಟ್ಟು ನಿಂತಳು. ದೀಪಿಕ ಆ ನಿಲುವನ್ನು ಗಂಟೆಯ ಕೆಳಗೆ ಕಂಪ್ಯೂಟರಿನಲ್ಲಿ ನೋಡಿದ್ದಳು.

ಬೆಳ್ಳಮ್ಮನ ಗಂಡ ಚೌಡಯ್ಯ ಗಾರೆ ಕೆಲಸದವನು. ಇಬ್ಬರೂ ಊರೂರು ತಿರುಗಿ ಮನೆ ಕಟ್ಟಿದವರು. ಅವನು ಸತ್ತು ಹದಿನೆಂಟು ವರ್ಷವಾಗಿತ್ತು.

"ಸುಣ್ಣ, ಹೊಳೆ ಮಳ್ಳು, ಬೆಲ್ಲದ ನೀರು. ಅರೆಯೋದು ನಾನು, ಬಳಿಯೋದು ನಮ್ಮೆಜಮಾನ," ಎಂದಳು ಬೆಳ್ಳಮ್ಮ. "ಆಮೇಕೆ ಕಲ್ಲಲ್ಲಿ ಉಜ್ಜಬೇಕು ಕಣವ್ವ. ಮೊಕ ಕಾಣೋಗಂಟ ಉಜ್ಜಬೇಕು. ನಿಮ್ಮ ಮಾಡಿ ಗೋಡೆ ನಾಕು ತಿಂಗ್ಳು ಉಜ್ಜಿವ್ನಿ. ಈಗ್ಲೂ ನುಣ್ಣಗೈತಾ?"

"ಹೂಂ ಅಜ್ಜಿ. ಈಗಲೂ ಒಂದು ಬಿರುಕು ಬಿಟ್ಟಿಲ್ಲ."

"ಅಂಗಾ! ನಾನು ನೋಡ್ನಿಲ್ಲ. ಒಕ್ಕಲಾದ ಮೇಲೆ ನಾವು ಒಳೀಕೆ ಬರಂಗಿಲ್ವಲ್ಲ." ಬಿಸಿಲು ಜೋರು ಎಂದಷ್ಟೇ ಸಹಜವಾಗಿ ಹೇಳಿದಳು.

ಅಶೋಕ್ ಫೋಟೋ ಕೊಟ್ಟ. ಮುದುಕಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡಿದಳು.

"ಸರ್ಕೋ ಅಂದ್ನಲ್ಲ ಆ ಫೋಟೋದಯ್ಯ! ಸರ್ಕಂಡಿದ್ದೆ ಕಣ್ಲಾ ಅಶೋಕ. ಮೂಲೆಗೋಗಿ ನಿಂತಿದ್ದೆ. ನಾನು ಬಿದ್ದಿಲ್ಲ ಅಂದ್ಕಂಡಿದ್ದೆ." ಆಮೇಲೆ ಸಣ್ಣ ದನಿಯಲ್ಲಿ, "ನಾನು ಇಂಗಿದ್ನಾ?" ಎಂದಳು.

ಅವಳ ಹರೆಯದ ಫೋಟೋ ಒಂದೂ ಇರಲಿಲ್ಲ. ಮದುವೆಯದೂ ಇಲ್ಲ, ಮಕ್ಕಳನ್ನು ಎತ್ತಿಕೊಂಡದ್ದೂ ಇಲ್ಲ. ಅರವತ್ತೊಂದು ವರ್ಷ ಗೌಡರ ಟ್ರಂಕಿನಲ್ಲಿ ಬಿದ್ದಿದ್ದ ಇದೊಂದೇ. ಅಶೋಕ್ ನಾಲೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ದೀಪಿಕಳಿಗೆ ಅವನ ಮೇಲೆ ಅಂದು ಉಕ್ಕಿದ ಪ್ರೀತಿ ಆ ಗದ್ದೆಯ ಬದುವಿನ ಮೇಲೂ ಉಕ್ಕಿರಲಿಲ್ಲ.

"ಅಜ್ಜಿ, ಇದನ್ನ ದೊಡ್ಡದಾಗಿ ಗೋಡೆಗೆ ಹಾಕ್ತೀವಿ. ಕೆಳಗೆ ನಿಮ್ಮ ಹೆಸರು ಬರೀತೀನಿ," ಎಂದಳು.

"ನನ್ನೆಸ್ರಾ? ಗೌಡ್ರೆಸ್ರು ಜೊತೇಲಾ? ತಮಾಸೆ ಮಾಡ್ಬೇಡ ಬುಡವ್ವ," ಎಂದು ಬೆಳ್ಳಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. ಆದರೆ ಹೊರಡುವಾಗ ಬೈಕಿನವರೆಗೂ ಬಂದು, "ಯಾವತ್ತು ಅದು?" ಎಂದು ಕೇಳಿದಳು.

ವಾಪಸು ಬರುತ್ತ ನಾಲೆಯ ತೂಬಿನ ಹತ್ತಿರ ಅಶೋಕ್ ಬೈಕು ನಿಲ್ಲಿಸಿದ.

"ನೀನು ಮಾತು ಕೊಟ್ಟಿದ್ದೀಯ. ಆ ಹೆಸರು ಬಂದ್ರೆ ನಿಮ್ಮಪ್ಪ ಇದು ಯಾರು ಅಂತಾರೆ."

"ಅನ್ನಲಿ. ಆಗಲೇ ನಿನ್ನ ವಿಷಯಾನೂ ಹೇಳ್ತೀನಿ. ಎಷ್ಟು ದಿನ ಅಂತ ಹೆದರ್ಕೊಂಡಿರೋದು? ಆ ಹೆಸರೇ ನಂಗೆ ಶುರು."

"ನಂಗೆ ಇನ್ನೇನೂ ಬೇಡ ದೀಪಿಕ. ನಿಮ್ಮಪ್ಪ ಒಪ್ದೇ ಇದ್ರೂ ಪರ್ವಾಗಿಲ್ಲ, ಕಾಯ್ತೀನಿ. ಹತ್ತು ವರ್ಷ ಬೇಕಾದ್ರೂ ಕಾಯ್ತೀನಿ. ನೀನು ಒಂದ್ಸಲ ಬಾಯಿಬಿಟ್ಟು ಹೇಳು, ಅಷ್ಟೇ."

ಅವಳು ಅವನ ಕೈಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಆಣೆ ಮಾಡಿದಳು. ಸುಳ್ಳು ಆಣೆಯಲ್ಲ ಅದು. ಆ ಹೊತ್ತಿನಲ್ಲಿ ಅವಳು ಒಂದೊಂದು ಅಕ್ಷರವನ್ನೂ ಮನಸಾರೆ ಆಡಿದ್ದಳು.

* * *

ಎರಡನೆಯ ಸಾಕ್ಷಿಯೂ ಸಿಕ್ಕಿತು. ದೀಪಿಕಳ ಅಜ್ಜಿ ಮಲ್ಲಿಗಮ್ಮ, ಆ ಫೋಟೋದಲ್ಲಿ ಸಾಲಿನ ಕೊನೆಗೆ ತಲೆ ತಗ್ಗಿಸಿ ನಿಂತ ಹದಿನಾರರ ಹೊಸ ಮದುವಣಗಿತ್ತಿ, ಬಲಮೂಲೆಯನ್ನು ನೋಡಿದ್ದೇ, "ಅಯ್ಯೋ, ಬೆಳ್ಳಿ ಕಣೇ ಇವ್ಳು!" ಎಂದರು.

"ಬೆಳ್ಳಿ ಅಂದ್ರೆ?"

"ಬೆಳ್ಳಮ್ಮ. ಗಾರೆ ಚೌಡಯ್ಯನ ಎಂಡ್ತಿ. ನಾನು ಮದ್ವೆಯಾಗಿ ಬಂದೋಳು ತವರು ನೆನೆಸ್ಕಂಡು ಮಾಡಿ ಮೇಲೆ ಅಳ್ತಾ ಕೂತಿರೋಳು. ಇವ್ಳು ಕಿಟಕಿ ಆಚೆ ಗಾರೆಗೆ ಕಟ್ಟಿದ ಸಾರುವೆ ಮೇಲೆ ನಿಂತ್ಕಂಡು ನೇರ್ಳೆಹಣ್ಣು ಕೊಡೋಳು. ನಾಲಿಗೆ ನೀಲಿಯಾಗಿ ಅತ್ತೆ ಕೈಲಿ ಸಿಕ್ಕಾಕ್ಕಂಡಿದ್ದೆ!" ಮಲ್ಲಿಗಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ಬದ್ಕವ್ಳಾ?"

"ಇದಾರೆ ಅಜ್ಜಿ."

ಇಬ್ಬರು ಹೇಳಿದ್ದಾಯಿತು. ದೀಪಿಕ ನೋಟ್‌ಬುಕ್ಕಿನಲ್ಲಿ ಎಂಟನೇ ಹೆಸರಿನ ಮುಂದೆ ಟಿಕ್ ಹಾಕಿದಳು.

ಪ್ರದರ್ಶನಕ್ಕೆ ನಾಲ್ಕು ದಿನ ಮುಂಚೆ, ಒಂದು ಮಧ್ಯಾಹ್ನ, ಅವಳ ಅಪ್ಪ ಚಲುವರಾಜು ಊಟ ಮುಗಿಸಿ ಜಗಲಿಯಲ್ಲಿ ಕೂತು ಹೆಸರಿನ ಪಟ್ಟಿಗಳನ್ನು ಓದುತ್ತಿದ್ದರು. ಅಶೋಕ್ ಫೋಟೋಗಳನ್ನು ಮದ್ದೂರಿನಲ್ಲಿ ಪ್ರಿಂಟ್ ಹಾಕುತ್ತಿದ್ದ. ಹೆಸರಿನ ಪಟ್ಟಿಗಳನ್ನು ದೀಪಿಕ ಮಳವಳ್ಳಿಯಲ್ಲಿ ಟೈಪ್ ಮಾಡಿಸಿ ಅಂಟಿಸುವುದೆಂದು ಮಾತಾಗಿತ್ತು. ಮಗಳು ಮಾಡಿದ ಕೆಲಸ ಎಂದರೆ ಚಲುವರಾಜುವಿಗೆ ಎಲ್ಲಿಲ್ಲದ ಅಭಿಮಾನ. ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರನ್ನು ಬೆರಳಿಟ್ಟು ಓದಿದರು.

"ಇದ್ಯಾರವ್ವ ಕೊನೇಲಿ, ಬೆಳ್ಳಮ್ಮ?"

"ಮಹಡಿ ಗಾರೆ ಮಾಡಿದೋರು ಅಪ್ಪ. ಆ ಮೂಲೇಲಿ ನಿಂತಿದಾರಲ್ಲ."

"ಓ. ನಂಗೇ ಗೊತ್ತಿಲ್ಲ ನೋಡು." ಅವರು ಕನ್ನಡಕದ ಮೇಲಿನಿಂದ ಮಗಳನ್ನು ನೋಡಿದರು. "ನಿಂಗ್ಯಾರು ಹೇಳಿದ್ರು?"

ಕೋಪವಿರಲಿಲ್ಲ ಆ ದನಿಯಲ್ಲಿ. ಅನುಮಾನವೂ ಇರಲಿಲ್ಲ. ಬರೀ ಒಂದು ಪ್ರಶ್ನೆ. ಅವರ ಮೊಮ್ಮಗ ಹೇಳಿದ ಅಪ್ಪ, ಅವನು ಅಶೋಕ್ ಅಂತ, ನಾನು ಅವನನ್ನು ಮದುವೆಯಾಗಬೇಕು ಅಂತಿದ್ದೀನಿ. ಅಷ್ಟೇ ತಾನೇ ಹೇಳಬೇಕಿದ್ದು? ನಲವತ್ತು ದಿನದಿಂದ ಬಸ್ಸಿನಲ್ಲಿ, ಬಚ್ಚಲಲ್ಲಿ, ಬೋರ್ಡಿನ ಮೇಲೆ ಪಾಠ ಬರೆಯುತ್ತ ಅದನ್ನೇ ಉರು ಹೊಡೆದಿದ್ದಳು. ಈಗ ಅಪ್ಪನ ಮುಖ ನೋಡಿದಳು, ಕವಿತಕ್ಕ ಕಂಡಳು.

"ಯಾರೋ ಹೇಳಿದ್ರು," ಎಂದಳು. "ಗ್ಯಾರಂಟಿ ಇಲ್ಲ ಅಪ್ಪ. ತೆಗೀತೀನಿ."

"ಗ್ಯಾರಂಟಿ ಇಲ್ದಿದ್ರೆ ತೆಗ್ದುಬುಡವ್ವ. ನಾಳೆ ನಾಕು ಜನ ಕೇಳ್ತಾರೆ," ಎಂದು ಅವರು ಮುಂದಿನ ಹಾಳೆಗೆ ಹೋದರು.

ಒಳಗೆ ಪಡಸಾಲೆಯಲ್ಲಿ ಮಲ್ಲಿಗಮ್ಮ ಮಲಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಕೇಳಿದ್ದರೆ ಸಾಕಿತ್ತು. ಏನು ಹೇಳೋಣ ಈ ಹುಡುಗಿಗೆ! ಬೇಡವೆಂದು ಅಪ್ಪ ಅನ್ನಲಿಲ್ಲ, ಊರು ಅನ್ನಲಿಲ್ಲ. ತಾನೇ ಪೆನ್ನು ತೆಗೆದು ಆ ಹೆಸರಿನ ಮೇಲೆ ಗೆರೆ ಎಳೆದಳು.

ಅಶೋಕನಿಗೆ ಹೇಳಬೇಕು ಎಂದು ಮೂರು ಸಲ ಮೆಸೇಜು ಬರೆದಳು, ಮೂರು ಸಲವೂ ಅಳಿಸಿದಳು. ಪ್ರದರ್ಶನ ಮುಗಿಯಲಿ, ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡಳು. ಬೆಳ್ಳಮ್ಮಜ್ಜಿಗೆ ಮಂಡಿನೋವು, ಅಷ್ಟು ದೂರ ಬರುವುದುಂಟೇ ಎಂದೂ ಅಂದುಕೊಂಡಳು.

* * *

ಬೆಳ್ಳಮ್ಮ ಬಂದಳು.

ಹನ್ನೊಂದು ಗಂಟೆಗೆ ಕಾಲೇಜಿನ ಗೇಟಿನ ಮುಂದೆ ಆಟೋ ನಿಂತಿತು, ಅದರ ಹಿಂದೆಯೇ ಅಶೋಕನ ಬೈಕು. ಒಂದು ಕಡೆ ಅಶೋಕ್, ಇನ್ನೊಂದು ಕಡೆ ಅವನ ತಂಗಿ ಶಾಲಿನಿ, ನಡುವೆ ಹೊಸ ಹಸಿರು ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡು ಬೆಳ್ಳಮ್ಮ. ಮಂಡಿನೋವಿಗೆ ಬೆಳಿಗ್ಗೆಯೇ ಮಾತ್ರೆ ನುಂಗಿ ಬಂದಿದ್ದಳಂತೆ. ಕಾರಿಡಾರಿನಲ್ಲಿ ಸಿಕ್ಕಿದವರಿಗೆಲ್ಲ, "ನನ್ನ ಫೋಟೋ ಆಕವ್ರೆ," ಎನ್ನುತ್ತಿದ್ದಳು.

ದೀಪಿಕ ತಿರುಗಿ ನೋಡಿದಳು. ಆ ಫೋಟೋದಿಂದ ನಾಲ್ಕು ಹೆಜ್ಜೆ ಆಚೆ ಅವಳ ಅಪ್ಪ, ಸಂಬಂಧಿಕರಿಬ್ಬರ ಜೊತೆ ನಿಂತು ತಮ್ಮ ಮನೆಯ ಮಹಡಿಯನ್ನು ವರ್ಣಿಸುತ್ತಿದ್ದರು.

ಅಶೋಕ್ ಮೊದಲು ಬಂದ. ದೀಪಿಕಳನ್ನು ನೋಡಿ ನಕ್ಕ. ಆಮೇಲೆ ಫೋಟೋದ ಕೆಳಗಿನ ಪಟ್ಟಿಯನ್ನು ಓದಿದ. ಎಡದಿಂದ ಬಲಕ್ಕೆ: ಬೋರೇಗೌಡ, ನಿಂಗಮ್ಮ, ಸಿದ್ದೇಗೌಡ, ಜವರಮ್ಮ, ಕರೀಗೌಡ, ತಿಮ್ಮೇಗೌಡ, ಮಲ್ಲಿಗಮ್ಮ. ಅವನು ಮತ್ತೆ ಎಡಕ್ಕೆ ಹೋಗಿ ಇನ್ನೊಂದು ಸಲ ಓದಿದ. ಅವನ ಮುಖದ ಮೇಲಿನ ನಗು ಹೇಗೆ ಹೋಯಿತೆಂದು ಹೇಳುವುದು ಕಷ್ಟ. ಹೋಯಿತು, ಅಷ್ಟೇ.

ಅಷ್ಟರಲ್ಲಿ ಬೆಳ್ಳಮ್ಮ ದೀಪಿಕಳ ಕೈ ಹಿಡಿದಿದ್ದಳು.

"ಎಲ್ಲವ್ವ? ನನ್ನೆಸ್ರು ಎಲ್ಲದೆ? ನಂಗೆ ಓದಕ್ ಬರಕ್ಕಿಲ್ಲ, ಬೆಳ್ಳು ಮಡಗಿ ತೋರ್ಸವ್ವ."

ದೀಪಿಕ ಅಶೋಕನನ್ನು ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ, ಕಾಯುತ್ತಿದ್ದ. ಇನ್ನೂ ಕಾಲ ಮಿಂಚಿರಲಿಲ್ಲ. ಅಜ್ಜಿ, ತಪ್ಪಾಗಿದೆ, ನಿಮ್ಮ ಹೆಸರು ಬಿಟ್ಟಿದ್ದೀನಿ, ಈಗಲೇ ಬರೀತೀನಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಪೆನ್ನು ಅವಳ ಕೈಯಲ್ಲೇ ಇತ್ತು.

ಅವಳು ಬೆರಳನ್ನು ಪಟ್ಟಿಯ ಕೊನೆಯ ಹೆಸರಿನ ಮೇಲೆ ಇಟ್ಟಳು. 'ಮಲ್ಲಿಗಮ್ಮ' ಎಂದಿದ್ದ ಕಡೆ.

"ಇಲ್ಲಿ ಅಜ್ಜಿ," ಎಂದಳು. "ಬೆಳ್ಳಮ್ಮ."

"ಆಂ? ಜೋರಾಗ್ ಓದವ್ವ, ನನ್ನ ಕಿವಿ ಮಂದ."

ನಾಲ್ಕು ಹೆಜ್ಜೆ ಆಚೆ ಅಪ್ಪ. ದೀಪಿಕ ಬಗ್ಗಿ, ಮುದುಕಿಯ ಕಿವಿಗೆ ಬಾಯಿಟ್ಟು, ಗುಟ್ಟು ಹೇಳುವಂತೆ ಹೇಳಿದಳು. "ಬೆಳ್ಳಮ್ಮ."

ಬೆಳ್ಳಮ್ಮ ಗಟ್ಟಿಬಿದ್ದ ತನ್ನ ಬೆರಳಿನಿಂದ ಆ ನಾಲ್ಕು ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿದಳು. ಮುಟ್ಟಿದ ಬೆರಳನ್ನು ಕಣ್ಣಿಗೊತ್ತಿಕೊಂಡಳು. "ನಮ್ಮೆಜಮಾನ ಇರಬೇಕಾಗಿತ್ತು," ಎಂದಳು.

ಬಿ.ಎಡ್ ಓದುತ್ತಿದ್ದ ಶಾಲಿನಿ ಪಟ್ಟಿಯನ್ನು ನೋಡಿ ಬಾಯಿ ತೆರೆದಳು. ಅಶೋಕ್ ಅವಳ ಮುಂಗೈ ಅದುಮಿದ.

"ಅದೇಯಾ ಏನ್ಲಾ ಅಶೋಕ, ನನ್ನೆಸ್ರು?"

"ಊ ಕಣಜ್ಜಿ," ಎಂದ ಅಶೋಕ್. "ಅದೇಯ."

ಬೆಳ್ಳಮ್ಮ ದೀಪಿಕಳ ಕೆನ್ನೆ ಸವರಿ ನೆಟಿಗೆ ಮುರಿದಳು. "ನಿನ್ನ ಒಟ್ಟೆ ತಣ್ಣಗಿರ್ಲಿ ಮಗ. ನೂರು ಕಾಲ ಬಾಳು."

* * *

ಗೇಟಿನ ಹತ್ತಿರ ಹೊಂಗೆಮರದ ಕೆಳಗೆ ದೀಪಿಕ ಅವನನ್ನು ತಡೆದಳು. ಅಜ್ಜಿ, ತಂಗಿ ಆಟೋದಲ್ಲಿ ಕೂತಾಗಿತ್ತು.

"ಈಗಲೇ ಹೋಗಿ ಹೊಸ ಪಟ್ಟಿ ಹಾಕಿಸ್ತೀನಿ. ಒಂದು ಗಂಟೆ ಸಾಕು. ಅಶೋಕ್, ನನ್ನ ನೋಡು."

ಅವನು ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟನ್ನು ಹುಡುಕಿದಳು, ಸಿಗಲಿಲ್ಲ. ಸಿಟ್ಟಿದ್ದರೆ ಕಾಲು ಹಿಡಿದಾದರೂ ಇಳಿಸಬಹುದಿತ್ತು.

"ಹಾಕ್ಸು. ಒಳ್ಳೇದೇ. ಆದ್ರೆ ನಂಗೋಸ್ಕರ ಹಾಕಿಸ್ಬೇಡ."

"ಹೆದರಿಕೆ ಆಯ್ತು ಕಣೋ. ಅಪ್ಪ ಅಲ್ಲೇ ನಿಂತಿದ್ರು. ನಿಮ್ಮಜ್ಜಿಗೆ ಬೇಜಾರಾಗಬಾರದು ಅಂತ..."

"ಗೊತ್ತು. ಅಜ್ಜಿ ಖುಷಿಯಾಗವ್ಳೆ. ಮನೇಗೋಗಿ ಕೇರಿಗೆಲ್ಲ ಹೇಳ್ತಾಳೆ. ನಾನು ಸಾಯೋಗಂಟ ಅವ್ಳ ಮುಂದೆ ಊ ಊ ಅಂತಿರ್ಬೇಕು." ಅವನು ಆಟೋದ ಕಡೆ ನೋಡಿದ. "ಹೆದ್ರೋದು ತಪ್ಪಲ್ಲ ದೀಪಿಕ. ನಂಗೂ ಹೆದ್ರಿಕೆ ಇತ್ತು. ಕಾಯ್ತೀನಿ ಅಂದಿದ್ದೆ, ಕಾಯ್ತಿದ್ದೆ. ಆದ್ರೆ ನೀನು ಅವಳ ಮುಂದೆ ಇನ್ನೊಬ್ಬರ ಹೆಸರಿನ ಮೇಲೆ ಬೆಳ್ಳು ಮಡಗಿದೆಯಲ್ಲ..."

"ಅಶೋಕ್, ಬೇಡ ಕಣೋ."

"ನಾಳೆ ಮದ್ವೆಯಾದ್ರೂ ನಿಮ್ಮೋರ ಮುಂದೆ ನನ್ನ ಹೆಸರನ್ನೂ ಹಿಂಗೇ ಕಿವೀಲಿ ಹೇಳ್ತೀಯ. ಅಜ್ಜಿಗೆ ಓದಕ್ಕೆ ಬರಲ್ಲ. ನಂಗೆ ಬತ್ತದೆ."

ಅವಳ ಕೆನ್ನೆಯ ಮೇಲೆ ಇಳಿದದ್ದನ್ನು ಅವನು ಹೆಬ್ಬೆರಳಿನಿಂದ ಒರೆಸಿದ. ಒಂದು ಕ್ಷಣ ಆ ಕೈ ಅಲ್ಲೇ ಇತ್ತು. ಅವಳು ಅದನ್ನು ಹಿಡಿಯುವ ಮೊದಲೇ ತೆಗೆದ.

ಆಟೋದಿಂದ ಬೆಳ್ಳಮ್ಮ ತಲೆ ಹೊರಗೆ ಹಾಕಿ ಕೂಗಿದಳು. "ಬತ್ತೀನಿ ಕಣವ್ವ! ಅಟ್ಟಿಗೆ ಬಾ, ಇತಕಬೇಳೆ ಸಾರು ಮಾಡಿಕ್ತೀನಿ!"

ದೀಪಿಕ ಕೈ ಎತ್ತಿದಳು. ಆಟೋ ಹೋಯಿತು, ಅದರ ಹಿಂದೆ ಬೈಕೂ ಹೋಯಿತು. ಅವನು ತಿರುಗಿ ನೋಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳು ಒಳಗೆ ಬಂದಳು. ಅಪ್ಪ ಒಬ್ಬರೇ ಆ ಫೋಟೋದ ಮುಂದೆ ನಿಂತಿದ್ದರು, ಬಲತುದಿಯನ್ನೇ ನೋಡುತ್ತಿದ್ದರು.

"ಆ ಮುದ್ಕಿ ಯಾರವ್ವ? ನೆಟಿಗೆ ಮುರಿದ್ಲಲ್ಲ?"

ಪ್ರದರ್ಶನದ ಹಾಲಿನಲ್ಲಿ ಐವತ್ತು ಜನರಾದರೂ ಇದ್ದರು. ಚಂದನ ಇದ್ದಳು, ವಿದ್ಯಾರ್ಥಿಗಳಿದ್ದರು, ನೆಂಟರಿದ್ದರು. ದೀಪಿಕಳಿಗೆ ಈಗ ಯಾವ ಹೆದರಿಕೆಯೂ ಇರಲಿಲ್ಲ. ಉಳಿಸಿಕೊಳ್ಳಲು ಏನೂ ಇಲ್ಲದವಳ ಧೈರ್ಯ ಅದು.

"ಬೆಳ್ಳಮ್ಮ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಮ್ಮ ಮಹಡಿ ಗಾರೆ ಅರೆದೋರು. ಅವರ ಮೊಮ್ಮಗ ಅಶೋಕ್. ಈ ಫೋಟೋಗಳನ್ನೆಲ್ಲ ಮಾಡಿದೋನು. ನಾನು ಅವನನ್ನ ಮದುವೆ ಆಗ್ಬೇಕು ಅಂತಿದ್ದೆ ಅಪ್ಪ."

ಚಲುವರಾಜು ಕನ್ನಡಕ ತೆಗೆದರು. ಅಂಗಿಯ ಚುಂಗಿನಿಂದ ಒರೆಸಿದರು. ಒಪ್ಪಿದರೋ, ಬಿಟ್ಟರೋ, ಅವರ ಮುಖ ನೋಡಿ ಯಾರಿಗೂ ತಿಳಿಯುವಂತಿರಲಿಲ್ಲ.

"ಅವತ್ತೇ ಕೇಳಿದ್ನಲ್ಲವ್ವ, ಯಾರು ಹೇಳಿದ್ರು ಅಂತ," ಎಂದರು.

ದೀಪಿಕ ಅಲ್ಲೇ, ಅಷ್ಟು ಜನರ ಮುಂದೆ, ನೆಲಕ್ಕೆ ಕುಸಿದು ಕೂತು ಅತ್ತಳು.